ಯಾದಗಿರಿಯಿಂದ ಬೆಂಗಳೂರಿಗೆ ರಾತ್ರಿ ರೈಲು, ಟಿಕೆಟ್ ಇನ್ನೂ ವೇಟಿಂಗ್ ಲಿಸ್ಟ್‌ನಲ್ಲಿದೆ: ತಾಯಿಯನ್ನು ಕರೆದುಕೊಂಡು ಹತ್ತಬಹುದೇ?

ಯಾದಗಿರಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಯುಗಾದಿ ಮುಗಿದ ಮೇಲೆ ಬರುವ ಭಾನುವಾರ ರಾತ್ರಿ ತಾಯಿಯವರನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಬೇಕಾಗಿದೆ. ಮೊಣಕಾಲು ನೋವಿಗೆ ಅಲ್ಲಿನ ವೈದ್ಯರು ಸೋಮವಾರ ಮಧ್ಯಾಹ್ನ ಬರಲು ಹೇಳಿದ್ದಾರೆ. ಈ ದಿನ ತಪ್ಪಿದರೆ ಮತ್ತೆ ಯಾವಾಗ ಸಿಗುತ್ತಾರೋ ತಿಳಿಯದು. ನಮ್ಮೂರಿನ ಇಂಟರ್‌ನೆಟ್ ಕೇಂದ್ರದಲ್ಲಿ ಸ್ಲೀಪರ್ ಬೋಗಿಗೆ ಇಬ್ಬರ ಟಿಕೆಟ್ ಮಾಡಿಸಿದ್ದೇನೆ. ವೇಟಿಂಗ್ ಲಿಸ್ಟ್ 31 ಮತ್ತು 32 ಎಂದು ಬಂದಿದೆ. ಟಿಕೆಟ್ ಮಾಡಿಕೊಟ್ಟ ಹುಡುಗ, ‘ಹತ್ತಿಬಿಡಿ ಅಕ್ಕಾವರೇ, ಒಳಗೆ ಟಿಸಿಗೆ ದಂಡ ಕಟ್ಟಿದರೆ ಸೀಟು ಮಾಡಿಕೊಡುತ್ತಾರೆ’ ಎನ್ನುತ್ತಾನೆ. ತಮ್ಮ ಬೇಡವೇ ಬೇಡ ಎನ್ನುತ್ತಾನೆ. ತಾಯಿಗೆ ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ. ನೆಲದ ಮೇಲೆ ಕುಳಿತರೆ ಯಾರಾದರೂ ಕೈಕೊಟ್ಟು ಎಬ್ಬಿಸಬೇಕು. ಇವತ್ತು ಗುರುವಾರ. ಗೊತ್ತಿದ್ದವರು ದಯವಿಟ್ಟು ದಾರಿ ತೋರಿಸಿ.

ಕಲಬುರಗಿ ಅಂಗಡಿಕಾರ

ಹಬ್ಬದ ಮರುವಾರ 31 ಎಂದರೆ ಕಷ್ಟ ಅಕ್ಕಾ. ಶರಣಬಸವೇಶ್ವರ ಜಾತ್ರೆಗೆ ಊರಿಗೆ ಬಂದವರು ಯುಗಾದಿ ಮುಗಿಸಿಕೊಂಡೇ ಹೊರಡುತ್ತಾರೆ. ಎಲ್ಲರೂ ಅದೇ ಭಾನುವಾರ ರೈಲು ಹತ್ತುತ್ತಾರೆ.

ವಾಡಿಯ ನಿವೃತ್ತ ಟಿಕೆಟ್ ತಪಾಸಕ

ತಂಗಿ, ಆ ಹುಡುಗನ ಮಾತು ಕೇಳಿ ಹೊರಡಬೇಡಿ. ತಾಯಿಯನ್ನು ಕರೆದುಕೊಂಡು ಅಂತೂ ಬೇಡ.

ಆನ್‌ಲೈನ್ ಟಿಕೆಟ್‌ನಲ್ಲಿ ಇರುವ ಎಲ್ಲರೂ ಚಾರ್ಟ್ (ಯಾರಿಗೆ ಬರ್ತ್ ಸಿಕ್ಕಿದೆ ಎಂಬ ಅಂತಿಮ ಪಟ್ಟಿ) ಸಿದ್ಧವಾದ ಮೇಲೂ ವೇಟಿಂಗ್‌ನಲ್ಲೇ ಉಳಿದರೆ ಆ ಟಿಕೆಟ್ ತಾನಾಗಿಯೇ ರದ್ದಾಗುತ್ತದೆ. ಒಬ್ಬರಿಗೆ ₹60 ಕಳೆದು ಉಳಿದ ಹಣ ಖಾತೆಗೆ ಮರಳುತ್ತದೆ. ಅಂದರೆ ನಿಮ್ಮ ಕೈಯಲ್ಲಿ ಟಿಕೆಟ್ ಎಂಬುದೇ ಇರುವುದಿಲ್ಲ. ಮೊಬೈಲ್‌ನಲ್ಲಿ ಉಳಿದಿರುವ ಸಂದೇಶ ತೋರಿಸಿ ಹತ್ತಿದರೆ, ಟಿಕೆಟ್ ಕೊಳ್ಳದೆ ಹತ್ತಿದವರಿಗೂ ನಿಮಗೂ ನಿಯಮದಲ್ಲಿ ವ್ಯತ್ಯಾಸವಿಲ್ಲ. ಪ್ರಯಾಣದ ದರ, ಅದರ ಮೇಲೆ ಕನಿಷ್ಠ ₹250 ದಂಡ ಕಟ್ಟಬೇಕಾಗುತ್ತದೆ. ದಂಡ ಕಟ್ಟಿದ ರಸೀದಿಯಿಂದ ಬರ್ತ್ ಹುಟ್ಟುವುದಿಲ್ಲ. ಖಾಲಿ ಬರ್ತ್ ಇದ್ದರೆ ಅದು ಮೊದಲು ಆರ್‌ಎಸಿ (ಕೂರಲು ಜಾಗ ಸಿಕ್ಕಿ, ಪೂರ್ತಿ ಬರ್ತ್‌ಗೆ ಕಾಯುವ ಟಿಕೆಟ್) ಇರುವವರಿಗೆ ಹೋಗಬೇಕು. ಹಬ್ಬದ ವಾರದಲ್ಲಿ ಆರ್‌ಎಸಿಯವರಿಗೇ ಸಿಗುವುದಿಲ್ಲ.

ಕೌಂಟರ್‌ನಲ್ಲಿ ತೆಗೆದ ವೇಟಿಂಗ್ ಟಿಕೆಟ್ ತಾನಾಗಿ ರದ್ದಾಗುವುದಿಲ್ಲ, ಆದ್ದರಿಂದ ಅದನ್ನು ಹಿಡಿದು ಸ್ಲೀಪರ್ ಹತ್ತಬಹುದು ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿ ಕುಳಿತಿದೆ. ಅದು ನಿಯಮವಾಗಿ ಎಂದೂ ಇರಲಿಲ್ಲ. ನೋಡಿಯೂ ನೋಡದಂತೆ ಬಿಡುತ್ತಿದ್ದರು, ಅಷ್ಟೇ. 2025ರ ಮೇ ತಿಂಗಳಿಂದ ಕಟ್ಟುನಿಟ್ಟು ಮಾಡಿದ್ದಾರೆ. ಕೌಂಟರ್ ವೇಟಿಂಗ್ ಟಿಕೆಟ್ ಇದ್ದವರು ಜನರಲ್ ಬೋಗಿಗೆ ಹೋಗಬೇಕು. ಬೇಡವಾದರೆ ರೈಲು ಹೊರಡುವ ನಿಗದಿತ ಸಮಯಕ್ಕೆ ಅರ್ಧ ಗಂಟೆ ಮೊದಲೇ ರದ್ದು ಮಾಡಿಸಿ ಹಣ ಪಡೆಯಬೇಕು.

ಈಗ ನಿಮ್ಮ ಕೆಲಸಕ್ಕೆ ಬರುತ್ತೇನೆ. ಟಿಕೆಟ್‌ನಲ್ಲಿ 31ರ ಹಿಂದೆ ಯಾವ ಅಕ್ಷರಗಳಿವೆ ನೋಡಿ. ಜಿಎನ್‌ಡಬ್ಲ್ಯುಎಲ್ ಎಂದಿದ್ದರೆ ಸಾಮಾನ್ಯ ಪಟ್ಟಿ. ರೈಲು ಹೊರಡುವ ಊರಿನವರು, ಅದರ ಸುತ್ತಮುತ್ತಲಿನವರು ಸೇರಿರುವ ದೊಡ್ಡ ಪಟ್ಟಿ ಅದು, ಬೇಗ ಕರಗುತ್ತದೆ. ಆರ್‌ಎಲ್‌ಡಬ್ಲ್ಯುಎಲ್ ಅಥವಾ ಪಿಕ್ಯುಡಬ್ಲ್ಯುಎಲ್ ಎಂದಿದ್ದರೆ ನಡುದಾರಿಯ ನಿಲ್ದಾಣಗಳಿಗೆ ಮೀಸಲಿಟ್ಟ ಸಣ್ಣ ಪಾಲಿನ ಪಟ್ಟಿ. ಆ ಸಣ್ಣ ಪಾಲಿನೊಳಗೇ ಯಾರಾದರೂ ರದ್ದು ಮಾಡಿದರೆ ಮಾತ್ರ ನಿಮ್ಮ ಸಂಖ್ಯೆ ಕೆಳಗಿಳಿಯುತ್ತದೆ. ಯಾದಗಿರಿಯಿಂದ ಹತ್ತುವವರಿಗೆ ಬಹಳ ಸಲ ಬರುವುದು ಈ ಎರಡನೆಯ ಬಗೆ. ಅದರಲ್ಲಿ 31 ಇದ್ದರೆ ಆಸೆ ಇಟ್ಟುಕೊಳ್ಳಬೇಡಿ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಅದೇ ರಾತ್ರಿಯ ಬೇರೆ ರೈಲುಗಳಲ್ಲಿ ತ್ರೀ ಟಯರ್ ಎಸಿಗೆ ಆರ್‌ಎಸಿ ಸಿಗುತ್ತದೆಯೇ ನೋಡಿ. ಮುಂಬೈನಿಂದ ಬರುವ ಉದ್ಯಾನ್, ಸೊಲ್ಲಾಪುರದಿಂದ ಹೊರಡುವ ಹಾಸನ ರೈಲು, ಬಾಗಲಕೋಟೆಯಿಂದ ಮೈಸೂರಿಗೆ ಹೋಗುವ ಬಸವ ಎಕ್ಸ್‌ಪ್ರೆಸ್ ಎಲ್ಲವನ್ನೂ ನೋಡಿ. ಆರ್‌ಎಸಿ ಎಂದರೆ ಹತ್ತುವ ಹಕ್ಕಿದೆ, ಕೂರಲು ಜಾಗವಿದೆ. ಒಂದು ಸೈಡ್ ಲೋವರ್ ಬರ್ತ್ ಅನ್ನು ಇಬ್ಬರಿಗೆ ಹಂಚುತ್ತಾರೆ. ಇಬ್ಬರೂ ಒಂದೇ ಟಿಕೆಟ್‌ನಲ್ಲಿದ್ದರೆ ಸಾಮಾನ್ಯವಾಗಿ ಅದೇ ಬರ್ತ್ ನಿಮ್ಮಿಬ್ಬರಿಗೂ ಬರುತ್ತದೆ. ತಾಯಿ ಕಾಲು ಚಾಚಿ ಮಲಗಬಹುದು, ನೀವು ತುದಿಯಲ್ಲಿ ಕೂರಬಹುದು. ಹೊರಗಿನವರೊಬ್ಬರು ಪಾಲಿಗೆ ಬಂದು ಮುದುಡಿ ಕೂರುವ ತೊಂದರೆ ಇರುವುದಿಲ್ಲ.

ಅದೂ ಇಲ್ಲದಿದ್ದರೆ ಶನಿವಾರದ ತತ್ಕಾಲ್, ಅಂದರೆ ಹಿಂದಿನ ದಿನ ತೆರೆಯುವ ತುರ್ತು ಟಿಕೆಟ್. ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. 2025ರ ಜುಲೈನಿಂದ ಅದಕ್ಕೆ ಆಧಾರ್ ದೃಢೀಕರಣ ಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲೇ ಇರಲಿ, ಒಟಿಪಿ ಅದಕ್ಕೇ ಬರುತ್ತದೆ. ಏಜೆಂಟರಿಗೆ ಮೊದಲ ಅರ್ಧ ಗಂಟೆ ತತ್ಕಾಲ್ ಟಿಕೆಟ್ ತೆಗೆಯಲು ಅವಕಾಶವಿಲ್ಲ, ಆದ್ದರಿಂದ ಇಂಟರ್‌ನೆಟ್ ಕೇಂದ್ರದವನನ್ನು ನಂಬಿ ಕೂರಬೇಡಿ, ನಿಮ್ಮ ಖಾತೆಯಿಂದಲೇ ಮಾಡಿ. ತತ್ಕಾಲ್‌ನಲ್ಲೂ ವೇಟಿಂಗ್ ಬಂದರೆ ಅದು ಆರ್‌ಎಸಿ ಆಗುವುದಿಲ್ಲ ಎಂಬುದು ನೆನಪಿರಲಿ. ಬರ್ತ್ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ.

ಕೊನೆಯದಾಗಿ ಒಂದು ಮಾತು. ಟಿಕೆಟ್ ಮಾಡುವಾಗ ತಾಯಿಯ ವಯಸ್ಸನ್ನು ಸರಿಯಾಗಿ ಬರೆಸಿ. 45 ವರ್ಷ ಮೀರಿದ ಮಹಿಳೆಯರಿಗೆ, ಹಿರಿಯ ನಾಗರಿಕರಿಗೆ ಕೆಳಗಿನ ಬರ್ತ್‌ಗಳ ಪ್ರತ್ಯೇಕ ಪಾಲಿದೆ.

ಯಾದಗಿರಿಯ ಶಿಕ್ಷಕಿ

ಕಾಕಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕೈಮುಗಿಯುತ್ತೇನೆ. ನೋಡಿದೆ, ನನ್ನದು ಪಿಕ್ಯುಡಬ್ಲ್ಯುಎಲ್. ಬೇರೆ ರೈಲುಗಳನ್ನು ಈಗಲೇ ಹುಡುಕುತ್ತೇನೆ.

ಸುರಪುರದ ಗಾರೆ ಕೆಲಸಗಾರ

ಅಕ್ಕಾವರೇ, ನಿಮಗೆ ಕಾಕಾ ಹೇಳಿದ್ದು ಸರಿ. ಆದರೆ ಇಲ್ಲಿ ಓದುವವರಲ್ಲಿ ನನ್ನಂಥವರೂ ಇರುತ್ತಾರೆ, ಅವರಿಗಾಗಿ ಬರೆಯುತ್ತೇನೆ. ನಮ್ಮ ಊರಿನಿಂದ ಬೆಂಗಳೂರಿಗೆ ಗುಳೆ ಹೋಗುವವರು ಅರವತ್ತು ದಿನ ಮೊದಲು ಟಿಕೆಟ್ ಮಾಡಿಸಲು ಆಗುವುದಿಲ್ಲ. ಮೇಸ್ತ್ರಿ ಇವತ್ತು ಫೋನ್ ಮಾಡಿ ನಾಳೆ ಬಾ ಎನ್ನುತ್ತಾನೆ. ನಾವು ಜನರಲ್ ಬೋಗಿಯಲ್ಲೇ ರಾತ್ರಿ ಕಳೆಯುವವರು. ಸೀಟು ಇಲ್ಲದೆ ಹೋಗುವುದಕ್ಕೂ ಒಂದು ಕ್ರಮವಿದೆ.

ಟಿಕೆಟ್ ಮೊದಲು. 200 ಕಿಲೋಮೀಟರ್ ಅಥವಾ ಅದಕ್ಕಿಂತ ಹೆಚ್ಚು ದೂರಕ್ಕೆ ಜನರಲ್ ಟಿಕೆಟನ್ನು ಮೂರು ದಿನ ಮೊದಲೇ ಕೌಂಟರ್‌ನಲ್ಲಿ ಕೊಳ್ಳಬಹುದು. ಬೆಂಗಳೂರು ಆ ಲೆಕ್ಕಕ್ಕೆ ಬರುತ್ತದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ರೈಲು ಬರುವ ಹೊತ್ತಿಗೆ ಕೌಂಟರ್ ಮುಂದೆ ಸಾಲು ನಿಂತು, ಟಿಕೆಟ್ ಸಿಗುವ ಮೊದಲೇ ರೈಲು ಬಂದಿತೆಂದು ಹಾಗೇ ಓಡಿ ಹತ್ತುತ್ತಾರೆ. ಹಿಂದಿನ ದಿನ ಸಂತೆಗೆ ಬಂದಾಗಲೇ ಕೊಂಡಿಟ್ಟುಕೊಂಡರೆ ಈ ಓಟ ಇರುವುದಿಲ್ಲ.

ಜನರಲ್ ಬೋಗಿಗಳು ಸಾಮಾನ್ಯವಾಗಿ ರೈಲಿನ ಎರಡು ತುದಿಗಳಲ್ಲಿರುತ್ತವೆ. ಪ್ಲಾಟ್‌ಫಾರ್ಮಿನ ನಡುವೆ ನಿಂತವನಿಗೆ ಎರಡೂ ದೂರ. ಮೊದಲೇ ಒಂದು ತುದಿಗೆ ಹೋಗಿ ನಿಲ್ಲಬೇಕು. ಎಲ್ಲರೂ ಮುಂದಿನ ಬೋಗಿಗೆ ನುಗ್ಗುವಾಗ ಹಿಂದಿನದರಲ್ಲಿ ಒಂದಿಷ್ಟು ಜಾಗ ಇರುವುದನ್ನು ನೋಡಿದ್ದೇನೆ. ಇಳಿಯುವವರನ್ನು ಇಳಿಯಲು ಬಿಡಬೇಕು. ಅವರು ಇಳಿದರೆ ತಾನೇ ನಮಗೆ ಜಾಗ?

ಚೀಲ ಒಂದೇ ಇರಲಿ, ಮಡಿಲಲ್ಲಿ ಇಟ್ಟುಕೊಳ್ಳುವಷ್ಟು. ಸಾಮಾನು ಹೆಚ್ಚಿದಷ್ಟೂ ಕೂರುವ ಜಾಗ ಕಡಿಮೆಯಾಗುತ್ತದೆ, ಅಕ್ಕಪಕ್ಕದವರ ಸಿಟ್ಟು ಹೆಚ್ಚಾಗುತ್ತದೆ. ನೀರನ್ನು ಯಾದಗಿರಿಯಲ್ಲೇ ತುಂಬಿಕೊಳ್ಳಿ. ನಡುವೆ ಇಳಿದರೆ ಕುಳಿತ ಜಾಗ ಹೋಗುತ್ತದೆ. ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಸಾಕು. ಸಾರು ಅನ್ನ ಕಟ್ಟಿಕೊಂಡು ಬಂದರೆ ಆ ನೂಕುನುಗ್ಗಲಿನಲ್ಲಿ ಬಿಚ್ಚಲು ಆಗುವುದಿಲ್ಲ. ಬೇಸಿಗೆಯಲ್ಲಿ ರೈಲು ನಿಂತಾಗ ಒಳಗೆ ಉಸಿರು ಕಟ್ಟುತ್ತದೆ, ಒದ್ದೆ ಟವೆಲ್ ಕೈಯಲ್ಲಿರಲಿ. ಶೌಚಾಲಯದ ದಾರಿಯಲ್ಲೂ ಜನ ಕುಳಿತಿರುತ್ತಾರೆ. ಹೆಣ್ಣುಮಕ್ಕಳು ಜೊತೆಗಿದ್ದರೆ ಹತ್ತುವ ಮೊದಲೇ ನಿಲ್ದಾಣದಲ್ಲಿ ಮುಗಿಸಿಕೊಳ್ಳಬೇಕು.

ರಾಯಚೂರಿನಲ್ಲಿ ಇನ್ನೊಂದು ದಂಡು ಹತ್ತುತ್ತದೆ. ಗುಂತಕಲ್ ದಾಟಿದ ಮೇಲೆ ಎಲ್ಲರಿಗೂ ಅವರವರ ಜಾಗ ಸಿಕ್ಕಿ ಬೋಗಿ ಸ್ವಲ್ಪ ಸುಮ್ಮನಾಗುತ್ತದೆ. ಆಗ ಸರದಿಯಲ್ಲಿ ಕೂರುತ್ತೇವೆ. ನಿಂತವನನ್ನು ಒಂದು ಗಂಟೆ ಕೂರಿಸಿ ಕುಳಿತವನು ಎದ್ದು ನಿಲ್ಲುತ್ತಾನೆ. ಯಾರೂ ಹೇಳಿಕೊಟ್ಟದ್ದಲ್ಲ, ನಮ್ಮ ನಮ್ಮಲ್ಲಿ ನಡೆದುಕೊಂಡು ಬಂದಿದೆ.

ಬಾಗಿಲಲ್ಲಿ ಕಾಲು ಇಳಿಬಿಟ್ಟು ಮಾತ್ರ ಯಾರೂ ಕೂರಬೇಡಿ. ನಿದ್ದೆ ಹೇಳಿ ಬರುವುದಿಲ್ಲ. ಕೂತಲ್ಲೇ ಕಣ್ಣು ಮುಚ್ಚಿದ ಹುಡುಗನ ಅಂಗಿ ಹಿಡಿದು ಒಳಗೆ ಎಳೆದುಕೊಂಡಿದ್ದೇವೆ. ಇನ್ನೂ ಮೀಸೆ ಮೂಡದ ಹುಡುಗ. ಮೊದಲ ಸಲ ಕೆಲಸಕ್ಕೆ ಹೊರಟಿದ್ದ.

ವಾಡಿಯ ನಿವೃತ್ತ ಟಿಕೆಟ್ ತಪಾಸಕ

ಈ ತಮ್ಮನ ಮಾತಿಗೆ ಒಂದನ್ನು ಸೇರಿಸುತ್ತೇನೆ. ಜನರಲ್ ಟಿಕೆಟ್ ಕಾನೂನಿನ ಕಣ್ಣಿನಲ್ಲಿ ಪೂರ್ತಿ ಟಿಕೆಟ್. ಅದನ್ನು ಹಿಡಿದವನು ರೈಲಿನಿಂದ ಬಿದ್ದು ಸತ್ತರೆ ಮನೆಯವರು ಪರಿಹಾರ ಕೇಳಬಹುದು, 2017ರಿಂದ ಅದು ₹8 ಲಕ್ಷ. ಟಿಕೆಟ್ ಇಲ್ಲದೆ ಹೋದವನ ಮನೆಯವರು ಅವನು ಪ್ರಯಾಣಿಕನಾಗಿದ್ದ ಎಂಬುದನ್ನೇ ಸಾಬೀತು ಮಾಡಲು ಅಲೆಯಬೇಕಾಗುತ್ತದೆ. ದುಡಿಯಲು ಹೋಗುವ ಹುಡುಗರು ಟಿಕೆಟ್‌ನ ಹಣ ಉಳಿಸಬಾರದು. ಕೊಂಡ ಟಿಕೆಟ್ಟಿನ ಚಿತ್ರ ತೆಗೆದು ಮನೆಗೆ ಕಳಿಸಿಡಬೇಕು.

ಸೇಡಂ ತಂದೆ

ಎಲ್ಲರೂ ಸೀಟು ಇಲ್ಲದವರ ಕಷ್ಟವನ್ನೇ ಹೇಳುತ್ತಿದ್ದೀರಿ. ಎರಡು ತಿಂಗಳು ಮೊದಲೇ ಟಿಕೆಟ್ ಮಾಡಿಸಿ ಹಣ ಕಟ್ಟಿದವರ ಕಷ್ಟವನ್ನೂ ಕೇಳಿ. ಕಳೆದ ಹಬ್ಬದಲ್ಲಿ ಹೆಂಡತಿ, ಎರಡು ಸಣ್ಣ ಮಕ್ಕಳ ಜೊತೆ ಬೆಂಗಳೂರಿನಿಂದ ಬರುತ್ತಿದ್ದೆ. ನಾಲ್ಕೂ ಬರ್ತ್ ಖಚಿತವಾಗಿತ್ತು. ಹತ್ತಿ ನೋಡಿದರೆ ನಮ್ಮ ಕೆಳಗಿನ ಬರ್ತ್‌ನಲ್ಲಿ ಆರು ಜನ, ನಡುವಿನ ದಾರಿಯಲ್ಲಿ ಚೀಲದ ಮೇಲೆ ಚೀಲ. ಎದ್ದೇಳಿ ಎಂದರೆ ‘ಸ್ವಲ್ಪ ಹೊಂದಿಸಿಕೊಳ್ಳಿ ಸರ್, ನಾವೂ ಮನುಷ್ಯರೇ’ ಎಂದರು. ಮಗಳು ಶೌಚಾಲಯಕ್ಕೆ ಹೋಗಬೇಕು ಎಂದು ಅಳುತ್ತಿದ್ದಳು, ದಾಟಲು ದಾರಿ ಇಲ್ಲ. ಟಿಸಿ ಆ ಬೋಗಿಗೆ ಬರಲೇ ಇಲ್ಲ. ನಾನು ಕಟ್ಟಿದ ಹಣಕ್ಕೆ, ನಾನು ಮೊದಲೇ ಯೋಚಿಸಿ ಮಾಡಿಕೊಂಡ ವ್ಯವಸ್ಥೆಗೆ ಬೆಲೆಯೇ ಇಲ್ಲವೇ? ಮನುಷ್ಯತ್ವದ ಹೆಸರಿನಲ್ಲಿ ಯಾವಾಗಲೂ ಟಿಕೆಟ್ ಮಾಡಿಸಿದವನೇ ಏಕೆ ಸರಿದು ಕೂರಬೇಕು?

ಆಳಂದದ ಓದುಗ

ಸರ್, ಒಂದು ರಾತ್ರಿ ಹೊಂದಿಸಿಕೊಂಡರೆ ಏನಾಗುತ್ತದೆ? ಅವರೂ ನಮ್ಮ ಊರಿನವರೇ.

ಸೇಡಂ ತಂದೆ

ಒಂದು ರಾತ್ರಿಯೇ ನಾನು ಕೊಂಡದ್ದು.

ವಾಡಿಯ ನಿವೃತ್ತ ಟಿಕೆಟ್ ತಪಾಸಕ

ಸೇಡಂ ಅವರು ಸರಿಯಾಗಿ ಕೇಳಿದ್ದಾರೆ. ನನ್ನ ನೌಕರಿಯೆಲ್ಲ ಈ ಜಗಳದ ನಡುವೆಯೇ ಕಳೆದಿದೆ, ಹಾಗಾಗಿ ನನ್ನ ಅಭಿಪ್ರಾಯ ಹೇಳುತ್ತೇನೆ. ಸೀಟಿಲ್ಲದೆ ಹೋಗುವುದು ಬೇರೆ, ಹಕ್ಕಿಲ್ಲದೆ ಹೋಗುವುದು ಬೇರೆ. ಸುರಪುರದ ತಮ್ಮ ಸೀಟಿಲ್ಲದೆ ಹೋಗುತ್ತಾನೆ, ಆದರೆ ತನ್ನ ಟಿಕೆಟ್ ಯಾವ ಬೋಗಿಗೆ ಇದೆಯೋ ಆ ಬೋಗಿಯಲ್ಲೇ ಹೋಗುತ್ತಾನೆ. ಅವನು ಯಾರ ನಿದ್ದೆಯನ್ನೂ ಕಸಿದುಕೊಂಡಿಲ್ಲ. ಸ್ಲೀಪರ್‌ಗೆ ನುಗ್ಗಿದವನು, ಅವನಿಗೆ ಎಷ್ಟೇ ಕಷ್ಟವಿರಲಿ, ಇನ್ನೊಬ್ಬರು ಮೊದಲೇ ಕೊಂಡ ರಾತ್ರಿಯಲ್ಲಿ ಪಾಲು ತೆಗೆದುಕೊಳ್ಳುತ್ತಾನೆ. ಕಾನೂನು ಇದಕ್ಕೆ ಸ್ಪಷ್ಟವಾಗಿದೆ. 1989ರ ರೈಲ್ವೆ ಕಾಯ್ದೆಯ 155ನೇ ಕಲಮಿನಂತೆ ಕಾಯ್ದಿರಿಸಿದ ಜಾಗಕ್ಕೆ ಹಕ್ಕಿಲ್ಲದೆ ಬಂದವರನ್ನು ಹೊರಗೆ ಕಳುಹಿಸಬಹುದು, ₹500ವರೆಗೆ ದಂಡ ಹಾಕಬಹುದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬರ್ತ್ ಮಲಗುವುದಕ್ಕೆ. ಆ ಹೊತ್ತಿನಲ್ಲಿ ಬೇರೆ ಟಿಕೆಟ್ ಇರುವ ಪ್ರಯಾಣಿಕನೂ ಕೆಳಗಿನ ಬರ್ತ್‌ನಲ್ಲಿ ಕೂರುತ್ತೇನೆ ಎನ್ನುವಂತಿಲ್ಲ.

ಟಿಸಿ ಬರದಿದ್ದರೆ ಜಗಳಕ್ಕೆ ನಿಲ್ಲಬೇಡಿ ಸೇಡಂ ಅವರೇ, ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ. ರೈಲಿನ ಸಂಖ್ಯೆ, ಬೋಗಿ, ಬರ್ತ್, ಟಿಕೆಟ್ ಮೇಲಿನ ಪಿಎನ್‌ಆರ್ ಸಂಖ್ಯೆ ಹೇಳಿ. ದೂರಿನ ಸಂಖ್ಯೆ ಬರುತ್ತದೆ. ಮುಂದಿನ ದೊಡ್ಡ ನಿಲ್ದಾಣದಲ್ಲಿ ರೈಲ್ವೆ ರಕ್ಷಣಾ ಪಡೆಯವರು ಬರುವ ಸಾಧ್ಯತೆ ಇರುವುದು ದೂರು ದಾಖಲಾದಾಗ ಮಾತ್ರ. ಮಕ್ಕಳ ಎದುರಿಗೆ ಬೈದಾಡುವುದಕ್ಕಿಂತ ಅದು ಒಳ್ಳೆಯದು.

ಆದರೆ ಆಳಂದದವರ ಮಾತಿನಲ್ಲೂ ನೋವಿದೆ. ಆರು ಜನ ನಿಮ್ಮ ಬರ್ತ್‌ಗೆ ಬಂದದ್ದು ಜನರಲ್ ಬೋಗಿಯಲ್ಲಿ ಕಾಲಿಡಲು ಜಾಗವಿಲ್ಲದ್ದಕ್ಕೆ. ರೈಲು ಉದ್ದವಾಗದೆ, ಹೊಸ ರೈಲು ಬರದೆ ಅವರು ಎಲ್ಲಿಗೆ ಹೋಗಬೇಕು? ಸ್ಲೀಪರ್‌ನಿಂದ ಇಳಿಸುವಾಗ ನನಗೂ ಸಂಕಟವಾಗುತ್ತಿತ್ತು. ಇಳಿಸಿದೆ. ಇಳಿಸುವುದು ನನ್ನ ಕೆಲಸವಾಗಿತ್ತು.

ಕಲಬುರಗಿಯ ಕಾನೂನು ವಿದ್ಯಾರ್ಥಿನಿ

ಇಳಿಸುವ ಮಾತು ಬಂದದ್ದರಿಂದ ಹೆಣ್ಣುಮಕ್ಕಳು ತಿಳಿದಿರಬೇಕಾದ ಒಂದು ವಿಷಯ. ಅದೇ ಕಾಯ್ದೆಯ 139ನೇ ಕಲಮಿದೆ. (ಸಹಾಯವಾಣಿಯೂ 139, ಎರಡನ್ನೂ ಬೆರೆಸಿಕೊಳ್ಳಬೇಡಿ.) ಟಿಕೆಟ್ ಇಲ್ಲದೆ ಅಥವಾ ಸರಿಯಾದ ಟಿಕೆಟ್ ಇಲ್ಲದೆ ಹತ್ತಿ, ದರವನ್ನೂ ದಂಡವನ್ನೂ ಕಟ್ಟದವರನ್ನು ಇಳಿಸುವ ಅಧಿಕಾರ ಅದರಲ್ಲಿದೆ. ಆದರೆ ಗಂಡಸರ ಜೊತೆಯಿಲ್ಲದೆ ಪ್ರಯಾಣಿಸುವ ಮಹಿಳೆಯನ್ನಾಗಲಿ ಮಗುವನ್ನಾಗಲಿ ಎಲ್ಲೆಂದರಲ್ಲಿ ಇಳಿಸುವಂತಿಲ್ಲ. ಅವರು ಹತ್ತಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದ ನಿಲ್ದಾಣದಲ್ಲಿ ಮಾತ್ರ, ಅದೂ ಹಗಲಿನಲ್ಲಿ ಮಾತ್ರ ಇಳಿಸಬಹುದು. ನಮ್ಮ ದಾರಿಯಲ್ಲಿ ವಾಡಿ ಜಂಕ್ಷನ್. ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲಾ ಕೇಂದ್ರಗಳು. ಆದರೆ ರಾತ್ರಿ ಹೊತ್ತಿನಲ್ಲಿ ಅಲ್ಲಿಯೂ ಇಳಿಸುವಂತಿಲ್ಲ. ನಾಲವಾರದಲ್ಲೋ ಸೈದಾಪುರದಲ್ಲೋ ಕತ್ತಲಲ್ಲಿ ಇಳಿಯಿರಿ ಎಂದರೆ ‘139ನೇ ಕಲಮು ನೋಡಿ’ ಎಂದು ಗಟ್ಟಿಯಾಗಿ ಹೇಳಬಹುದು.

ಇದು ದಂಡದಿಂದ ಬಿಡುಗಡೆ ಅಲ್ಲ, ಬರ್ತ್ ಕೊಡಿಸುವುದೂ ಇಲ್ಲ. ರಾತ್ರಿ ಅಪರಿಚಿತ ಊರಿನಲ್ಲಿ ಒಂಟಿಯಾಗಿ ನಿಲ್ಲದಂತೆ ಕಾಪಾಡುವುದಕ್ಕೆ ಇರುವ ನಿಯಮ. ಹಾಗಾಗಿ ಇದನ್ನು ಸ್ಲೀಪರ್ ಹತ್ತಲು ಪರವಾನಗಿ ಎಂದು ಯಾರೂ ಬಳಸಬಾರದು. ಬಳಸಿದಷ್ಟೂ ನಿಜವಾಗಿ ಬೇಕಾದವರಿಗೆ ಅದರ ಮರ್ಯಾದೆ ಕಡಿಮೆಯಾಗುತ್ತದೆ.

ಇನ್ನೊಂದು: ದೂರದ ಮೇಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳ ಸ್ಲೀಪರ್‌ನಲ್ಲಿ ಮಹಿಳೆಯರಿಗೆ ಆರು ಬರ್ತ್‌ಗಳ ಕೋಟಾ ಇದೆ, ವಯಸ್ಸಿನ ಮಿತಿ ಇಲ್ಲ. ಒಬ್ಬರೇ ಅಥವಾ ಮಹಿಳೆಯರೇ ಒಟ್ಟಾಗಿ ಹೊರಟಿದ್ದರೆ ಟಿಕೆಟ್ ಮಾಡುವಾಗ ‘ಲೇಡೀಸ್ ಕೋಟಾ’ ಆರಿಸಿ ನೋಡಿ. ಸಾಮಾನ್ಯ ಕೋಟಾದಲ್ಲಿ ವೇಟಿಂಗ್ ತೋರಿಸುವಾಗಲೂ ಅಲ್ಲಿ ಜಾಗ ಉಳಿದಿದ್ದನ್ನು ನನ್ನ ಹಾಸ್ಟೆಲ್ ಗೆಳತಿಯರು ಕಂಡಿದ್ದಾರೆ. ಶಿಕ್ಷಕಿ ಅಕ್ಕ, ನೀವಿಬ್ಬರೂ ಮಹಿಳೆಯರೇ ಅಲ್ಲವೇ? ಅದನ್ನೂ ನೋಡಿ.

ಯಾದಗಿರಿಯ ಶಿಕ್ಷಕಿ

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಲೇಡೀಸ್ ಕೋಟಾದಲ್ಲಿ ಸಿಗಲಿಲ್ಲ. ಕಾಕಾ ಹೇಳಿದಂತೆ ಬೇರೊಂದು ರೈಲಿನ ತ್ರೀ ಟಯರ್ ಎಸಿಯಲ್ಲಿ ಇಬ್ಬರಿಗೂ ಆರ್‌ಎಸಿ ಸಿಕ್ಕಿತು. ಹಳೆಯ ಟಿಕೆಟನ್ನು ರದ್ದು ಮಾಡಿಸಿದೆ. ಸೈಡ್ ಲೋವರ್ ನಮ್ಮಿಬ್ಬರದೇ ಆಗಿತ್ತು. ತಾಯಿ ಮಲಗಿದರು. ಹೊದಿಕೆಯನ್ನು ಇಬ್ಬರಿಗೂ ಕೊಟ್ಟರು. ನನ್ನದನ್ನು ಮಡಿಸಿ ತಾಯಿಯ ಮೊಣಕಾಲ ಕೆಳಗೆ ಇಟ್ಟೆ. ಹಣ ಹೆಚ್ಚಾಯಿತು, ಆದರೆ ವೈದ್ಯರ ಮುಂದೆ ತಾಯಿ ನಡೆದುಕೊಂಡೇ ಹೋದರು.

ಹತ್ತುವಾಗ ಪ್ಲಾಟ್‌ಫಾರ್ಮಿನಲ್ಲಿ ಕಂಡದ್ದನ್ನು ಹೇಳಲೇಬೇಕು. ಜನರಲ್ ಬೋಗಿಯ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಕಂಕುಳಲ್ಲಿ ಕೂಸು ಇಟ್ಟುಕೊಂಡು ಒಳಗೆ ಹೋಗಲೂ ಆಗದೆ, ಇಳಿಯಲೂ ಆಗದೆ ನಿಂತಿದ್ದಳು. ಒಳಗಿದ್ದವರು ಮೊದಲು ಕೂಸನ್ನು ಕೈಯಿಂದ ಕೈಗೆ ಸಾಗಿಸಿಕೊಂಡು, ಆಮೇಲೆ ಅವಳನ್ನು ಎಳೆದುಕೊಂಡರು. ನಮ್ಮ ಶಾಲೆಯಲ್ಲಿ ಯುಗಾದಿ ಮುಗಿದ ಮೇಲೆ ಕೆಲವು ಮಕ್ಕಳ ಹೆಸರು ಕರೆದರೆ ಉತ್ತರ ಬರುವುದಿಲ್ಲ. ಅಪ್ಪ ಅಮ್ಮನ ಜೊತೆ ಇದೇ ಬೋಗಿಯಲ್ಲಿ ಹೋಗಿರುತ್ತಾರೆ. ಆ ರೈಲಿನಲ್ಲಿ ಇನ್ನೆರಡು ಜನರಲ್ ಬೋಗಿ ಇದ್ದಿದ್ದರೆ ಆಕೆ ಹಾಗೆ ನಿಲ್ಲಬೇಕಿರಲಿಲ್ಲ. ಇದನ್ನು ಯಾರಿಗೆ ಬರೆಯಬೇಕು, ಹೇಳಿ. ನಾನು ಬರೆಯುತ್ತೇನೆ.

ವಾಡಿಯ ನಿವೃತ್ತ ಟಿಕೆಟ್ ತಪಾಸಕ

ತಾಯಿ ಸುಖವಾಗಿ ತಲುಪಿದ್ದು ಕೇಳಿ ಸಂತೋಷವಾಯಿತು.

ಯಾರಿಗೆ ಬರೆಯಬೇಕು ಎಂಬುದೇ ನಮ್ಮ ಭಾಗದ ದೊಡ್ಡ ತೊಡಕು. ಕಲಬುರಗಿ ಮತ್ತು ನಮ್ಮ ವಾಡಿ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿವೆ. ಯಾದಗಿರಿ ಗುಂತಕಲ್ ವಿಭಾಗದಲ್ಲಿದೆ. ಬೀದರ್ ಸಿಕಂದರಾಬಾದ್ ವಿಭಾಗದಲ್ಲಿದೆ. ಅಕ್ಕಪಕ್ಕದ ಮೂರು ಜಿಲ್ಲೆಗಳಿಗೆ ಮೂರು ವಿಭಾಗ, ಮೂರು ಕಚೇರಿಗಳೂ ರಾಜ್ಯದ ಹೊರಗೆ. ಹುಬ್ಬಳ್ಳಿಯ ನೈರುತ್ಯ ರೈಲ್ವೆಗೆ ಬರೆದರೆ ಅವರು ಇವರತ್ತ ತೋರಿಸುತ್ತಾರೆ. 1874ರಲ್ಲಿ ಸಿಕಂದರಾಬಾದ್ ಮಾರ್ಗ ಬಂದು ಕೂಡಿದಾಗಿನಿಂದ ವಾಡಿ ಜಂಕ್ಷನ್. ಮುಂಬೈ, ಹೈದರಾಬಾದ್, ಬೆಂಗಳೂರು ಮೂರೂ ಕಡೆಯ ರೈಲುಗಳನ್ನು ಇಲ್ಲಿ ನಿಂತು ನೋಡುತ್ತೇವೆ. ಬಹಳಷ್ಟು ರೈಲುಗಳು ನಮ್ಮನ್ನು ಹಾದು ಹೋಗುತ್ತವೆ. ನಮ್ಮಲ್ಲಿಂದಲೇ ಹೊರಡುವ ರಾತ್ರಿ ರೈಲುಗಳು ಕಡಿಮೆ. ಹಾದು ಹೋಗುವ ರೈಲು ನಮ್ಮಲ್ಲಿಗೆ ಬರುವಷ್ಟರಲ್ಲಿ ಮುಂಬೈ, ಪುಣೆ, ಸೊಲ್ಲಾಪುರದವರಿಂದ ತುಂಬಿರುತ್ತದೆ. ನಿಮ್ಮ ಟಿಕೆಟ್‌ನಲ್ಲಿ ಆ ಸಣ್ಣ ಪಟ್ಟಿಯ ಅಕ್ಷರಗಳು ಬಂದದ್ದಕ್ಕೂ ಅದೇ ಕಾರಣ.

2024ರ ಮಾರ್ಚ್‌ನಲ್ಲಿ ಕಲಬುರಗಿಯಿಂದಲೇ ಹೊರಡುವ ವಂದೇ ಭಾರತ್ ಬಂದಿತು. ಒಳ್ಳೆಯದು. ಆದರೆ ಅದು ಹಗಲಿನ ರೈಲು, ಅದರಲ್ಲಿ ಜನರಲ್ ಬೋಗಿ ಇಲ್ಲ. ಕೂಸು ಎತ್ತಿಕೊಂಡ ಆ ಹೆಣ್ಣುಮಗಳಿಗೆ ಅದರಿಂದ ಏನೂ ಬದಲಾಗಲಿಲ್ಲ. ಕೇಳುವುದಾದರೆ ಎರಡನ್ನು ಕೇಳೋಣ: ಕಲಬುರಗಿಯಿಂದ ಬೆಂಗಳೂರಿಗೆ ಪ್ರತಿದಿನ ಹೊರಡುವ ರಾತ್ರಿ ರೈಲು, ಮತ್ತು ಈಗಿರುವ ರಾತ್ರಿ ರೈಲುಗಳಿಗೆ ಹೆಚ್ಚಿನ ಜನರಲ್ ಬೋಗಿ. ಪತ್ರವನ್ನು ಮೂರೂ ವಿಭಾಗಗಳ ವ್ಯವಸ್ಥಾಪಕರಿಗೆ ಕಳಿಸಿ, ಪ್ರತಿಯನ್ನು ನಿಮ್ಮ ಸಂಸದರಿಗೆ ಕೊಡಿ. ದಿನಾಂಕ, ರೈಲಿನ ಸಂಖ್ಯೆ, ನೀವು ಕಂಡದ್ದು ಇಷ್ಟಿರಲಿ. ಕಂಡದ್ದನ್ನು ಕಂಡ ಹಾಗೆ ಬರೆದ ಪತ್ರವನ್ನು ತಳ್ಳಿಹಾಕುವುದು ಸುಲಭವಲ್ಲ.

ಸೇಡಂ ತಂದೆ

ಆ ಪತ್ರಕ್ಕೆ ನನ್ನ ಸಹಿಯೂ ಇರಲಿ ಮೇಡಂ. ನನ್ನ ಬರ್ತ್ ನನಗೆ ಬೇಕು ಎಂಬ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ. ಜನರಲ್ ಬೋಗಿ ಹೆಚ್ಚಾದರೆ ನನ್ನ ಬರ್ತ್ ಕೂಡ ಉಳಿಯುತ್ತದೆ.

ಸುರಪುರದ ಗಾರೆ ಕೆಲಸಗಾರ

ನನ್ನದೂ ಸೇರಿಸಿ. ನಮ್ಮ ತಂಡದವರಲ್ಲಿ ಬರೆಯಲು ಬರುವವರು ಸಹಿ ಮಾಡುತ್ತಾರೆ, ಉಳಿದವರು ಹೆಬ್ಬೆಟ್ಟು ಒತ್ತುತ್ತಾರೆ. ಪರವಾಗಿಲ್ಲ ತಾನೇ?

ಯಾದಗಿರಿಯ ಶಿಕ್ಷಕಿ

ಖಂಡಿತ ಅಣ್ಣಾ. ಹೆಬ್ಬೆಟ್ಟಿನ ಪಕ್ಕದಲ್ಲಿ ಹೆಸರು, ಊರು ನಾನೇ ಬರೆಯುತ್ತೇನೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಿಲ್ದಾಣದ ಹತ್ತಿರ ಸಿಗುತ್ತೇನೆ.

ಭಾಲ್ಕಿಯ ತಾಯಿ

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಕಡೆಯಿಂದ ಬೆಂಗಳೂರಿಗೆ ಬೀದರ್–ಯಶವಂತಪುರ ರೈಲು ಇದೆ. ಮಗಳು ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಾಳೆ. ಪರೀಕ್ಷೆ ಮುಗಿದ ದಿನವೇ ಹೊರಡುತ್ತೇನೆ ಎನ್ನುತ್ತಾಳೆ, ಸ್ಲೀಪರ್ ವೇಟಿಂಗ್ 9 ಇದೆ. ಒಬ್ಬಳೇ ಬರಬೇಕು. ಬರ್ತ್ ಸಿಕ್ಕಿತೋ ಇಲ್ಲವೋ ಎಂದು ಅವಳಿಗೆ ಯಾವಾಗ ಗೊತ್ತಾಗುತ್ತದೆ? ಬಸ್ಸಿಗೆ ಹೇಳಿ ಇಡಬೇಕೇ?

ವಾಡಿಯ ನಿವೃತ್ತ ಟಿಕೆಟ್ ತಪಾಸಕ

ತಾಯಿ, ನಿಮ್ಮ ಮಗಳದ್ದು ಬೇರೆ ಸ್ಥಿತಿ. ರೈಲು ಹೊರಡುವ ನಿಲ್ದಾಣದಿಂದಲೇ ಹತ್ತುತ್ತಾಳೆ, ಆದ್ದರಿಂದ ಅದು ದೊಡ್ಡ ಪಟ್ಟಿಯ 9. ಹಬ್ಬವಿಲ್ಲದ ದಿನವಾದರೆ ಆಗುವ ಸಾಧ್ಯತೆ ಚೆನ್ನಾಗಿದೆ. ಚಾರ್ಟ್ ನಾಲ್ಕು ಗಂಟೆ ಮೊದಲು ಆಗುತ್ತಿದ್ದದ್ದು ಹಳೆಯ ಮಾತು. 2025ರ ಜುಲೈನಲ್ಲಿ ಅದನ್ನು ಎಂಟು ಗಂಟೆ ಮಾಡಿದರು, ಆ ಡಿಸೆಂಬರ್‌ನಿಂದ ಸಂಜೆ, ರಾತ್ರಿ ಹೊರಡುವ ರೈಲುಗಳಿಗೆ ಕನಿಷ್ಠ ಹತ್ತು ಗಂಟೆ ಮೊದಲೇ ತಿಳಿಯುತ್ತದೆ. ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಹೊತ್ತು ಸಿಗುತ್ತದೆ. ಚಾರ್ಟ್ ಆದ ಮೇಲೂ ಬರ್ತ್ ಉಳಿದಿದ್ದರೆ ಕರೆಂಟ್ ಬುಕಿಂಗ್‌ನಲ್ಲಿ ಸಿಗುತ್ತದೆ, ಅದನ್ನು ಒಮ್ಮೆ ನೋಡಲಿ.

ಟಿಕೆಟ್‌ಗೆ ‘ವಿಕಲ್ಪ’ ಆರಿಸಿದ್ದಾಳೆಯೇ ಕೇಳಿ. ಬರ್ತ್ ಆಗದಿದ್ದರೆ ಅವಳು ಆರಿಸಿದ ಬೇರೆ ರೈಲಿನಲ್ಲಿ ಜಾಗವಿದ್ದಾಗ ಹೆಚ್ಚಿನ ಹಣವಿಲ್ಲದೆ ಕೊಡುತ್ತಾರೆ. ಆದರೆ ಒಮ್ಮೆ ಬೇರೆ ರೈಲು ಬಂದರೆ ಹಳೆಯ ರೈಲು ಹತ್ತುವಂತಿಲ್ಲ, ಅದನ್ನು ತಿಳಿದೇ ಆರಿಸಬೇಕು.

ಬಸ್ಸಿನ ಯೋಚನೆಯೂ ಸರಿ. ಕಲ್ಯಾಣ ಕರ್ನಾಟಕ ಸಾರಿಗೆಯ ಸ್ಲೀಪರ್ ಬಸ್ಸುಗಳಿವೆ. ಅವುಗಳಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಅನ್ವಯಿಸುವುದಿಲ್ಲ, ಹಣ ಕೊಡಬೇಕು. ಚಾರ್ಟ್ ನೋಡುವವರೆಗೆ ಬಸ್ಸಿನಲ್ಲಿ ಎಷ್ಟು ಸೀಟು ಉಳಿದಿದೆ ಎಂದು ಗಮನಿಸುತ್ತಿರಲಿ.

ಕಲಬುರಗಿಯ ಕಾನೂನು ವಿದ್ಯಾರ್ಥಿನಿ

ಅಮ್ಮಾ, ತಂಗಿ ಲೇಡೀಸ್ ಕೋಟಾ ನೋಡಿದ್ದಾಳೆಯೇ? ಒಬ್ಬಳೇ ಬರುವವಳು ಮೊದಲು ಅದನ್ನೇ ನೋಡಬೇಕು. ವೇಟಿಂಗ್ ಟಿಕೆಟ್ ಇದ್ದ ಹಾಗೇ ಇರಲಿ. ಕೋಟಾದಲ್ಲಿ ಸಿಕ್ಕರೆ ಹಳೆಯದನ್ನು ಅದೇ ದಿನ ರದ್ದು ಮಾಡಲಿ.

ಭಾಲ್ಕಿಯ ತಾಯಿ

ಈಗಲೇ ಫೋನ್ ಮಾಡಿ ಕೇಳಿದೆ. ನೋಡಿಲ್ಲವಂತೆ. ತರಗತಿ ಮುಗಿದ ತಕ್ಷಣ ನೋಡುತ್ತಾಳೆ. ವಿಕಲ್ಪವನ್ನೂ ಆರಿಸಿರಲಿಲ್ಲ.

ಸುರಪುರದ ಗಾರೆ ಕೆಲಸಗಾರ

ಎರಡೂ ಆಗದೆ ಬಸ್ಸಿಗೇ ಬರುವುದಾದರೆ ಪರೀಕ್ಷೆ ಮುಗಿದ ಸಂಜೆಯ ಬಸ್ಸು ಬೇಡ ತಾಯಿ. ಬೆಂಗಳೂರಿನ ಸಂಜೆಯ ವಾಹನ ದಟ್ಟಣೆಯಲ್ಲಿ ನಿಲ್ದಾಣಕ್ಕೆ ತಲುಪುವುದರೊಳಗೆ ಬಸ್ಸು ಹೊರಟಿರುತ್ತದೆ. ರಾತ್ರಿಯ ಕೊನೆಯ ಬಸ್ಸನ್ನೇ ಹಿಡಿಯಲು ಹೇಳಿ, ಕೆಳಗಿನ ಬರ್ತ್ ಕೇಳಲಿ.